ಜಾರಿದ ಅಡ್ಡತೊಲೆ

ಜೂನ್ 9, ಬೆಳಗ್ಗೆ

ಅಂಗಿಗೆ ಗುಂಡಿ ಹಾಕುತ್ತಿದ್ದೆ. ಮಗಳು ನನ್ನ ಟೇಪ್ ಕಸಿದುಕೊಂಡು ಅಟ್ಟಕ್ಕೆ ಓಡಿದಳು. ಮನೆಯಲ್ಲಿರುವ ತ್ರಿಭುಜ ಅಳೆದು ಪ್ರಮೇಯ ತೋರಿಸಬೇಕಂತೆ, ಸ್ಕೂಲಿನ ಕೆಲಸ. ಅಟ್ಟದ ಸೂರೇ ತ್ರಿಭುಜ — ಎರಡು ಓರೆ ತೊಲೆ, ಅವೆರಡನ್ನೂ ಹಿಡಿದಿಟ್ಟಿರುವ ಒಂದು ಅಡ್ಡತೊಲೆ. ತಳಕ್ಕೆ ಸಮಾಂತರವಾದ ಗೆರೆ ಎರಡು ಬಾಹುಗಳನ್ನೂ ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ. ನಾನೂ ಓದಿದ್ದೇ. ಅರ್ಧ ಮರೆತಿದೆ.

ಮುಖ ಗಂಟು ಹಾಕಿಕೊಂಡು ಇಳಿದು ಬಂದಳು.

"ಅಮ್ಮಾ, ಎಡಗಡೆ ಮೇಲೆ ಎರಡು ಪಾಲು, ಕೆಳಗೆ ಮೂರು. ಬಲಗಡೆ ಹಾಗೆ ಬರ್ತಾನೇ ಇಲ್ಲ."

"ಟೇಪ್ ಸಡಿಲ ಬಿಟ್ಟಿರ್ತೀಯ. ಇನ್ನೊಂದ್ಸಲ ನೋಡು."

"ಎಷ್ಟ್ಸಲ ನೋಡ್ಲಿ?"

ಮಧ್ಯಾಹ್ನ

ನಾನೇ ಹತ್ತಿ ಅಳೆದೆ. ಬರಲಿಲ್ಲ. ಮಗಳು ಲೆಕ್ಕ ಹಾಕಿ ಬಲಗಡೆಯ ತೊಲೆಗೆ ಚಾಕ್‌ನಲ್ಲಿ ಗುರುತು ಮಾಡಿದಳು. "ಅಡ್ಡತೊಲೆ ಇಲ್ಲಿರ್ಬೇಕಿತ್ತು."

ಟಾರ್ಚ್ ಬಿಟ್ಟೆ. ಅಲ್ಲೇ… ಧೂಳು, ಮಸಿ ಏನೂ ಹತ್ತದ ಬಿಳಿ ಪಟ್ಟಿ. ಮೊಳೆ ಕಿತ್ತುಬಂದ ತೂತುಗಳು. ಅಡ್ಡತೊಲೆಯ ತುದಿ ಒಂದು ಗೇಣು ಕೆಳಗೆ ಜಾರಿ, ಒಂದೇ ಮೊಳೆಗೆ ನೇತಾಡುತ್ತಿದೆ.

ಹಾಗಾದರೆ ಸೂರನ್ನು ಹಿಡಿದಿರುವುದು ಏನು? ಗೋಡೆ. ಗೋಡೆಯ ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು. ಅದರ ಕೆಳಗೇ ಇವಳ ಹಾಸಿಗೆ.

ಸಂಜೆ

ಎದುರುಮನೆ ನರ್ಸ್ ಒಂದು ರೂಮ್ ಬಿಟ್ಟುಕೊಟ್ಟರು. ಬಡಗಿ ನಾಳೆ ಬರುತ್ತಾನಂತೆ. ನಮ್ಮ ಯಜಮಾನರು ಲಾರಿ ತೆಗೆದುಕೊಂಡು ಹೋಗಿದ್ದಾರೆ, ಫೋನ್ ಸಿಗುತ್ತಿಲ್ಲ. ಅತ್ತೆ ಜಪ್ಪಯ್ಯ ಅಂದರೂ ಏಳಲಿಲ್ಲ.

"ನಿನ್ನ ಮಗಳ ಲೆಕ್ಕ ತಪ್ಪಿದ್ದಕ್ಕೆ ನಾನ್ಯಾಕೆ ಮನೆ ಬಿಡ್ಲಿ?"

"ಲೆಕ್ಕ ಸರಿ ಇದೆ ಅಜ್ಜಿ. ಮನೇನೇ ತಪ್ಪಿದೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡರು. "ಒಂದೇ ರಾತ್ರಿ. ಏನೂ ಆಗ್ದೇ ಇದ್ರೆ ನಿನ್ನ ಕಿವಿ ಹಿಂಡ್ತೀನಿ."

ಜೂನ್ 10

ಬಿತ್ತು.

ಜೂನ್ 13

ಇವತ್ತು ಪೆನ್ ಹಿಡಿಯಲು ಬರುತ್ತಿದೆ.

ಅವತ್ತು ಬೆಳಗ್ಗೆ ನರ್ಸ್ ಮನೆಯ ಬಾಗಿಲಲ್ಲಿ ಟೀ ಕುಡಿಯುತ್ತಿದ್ದೆವು. ಬಡಗಿ ಇನ್ನೂ ಬಂದಿರಲಿಲ್ಲ. ಮೊದಲು ಒಂದೆರಡು ಹೆಂಚು, ಯಾರೋ ಕಲ್ಲೆಸೆದ ಹಾಗೆ. ಆಮೇಲೆ ಸೂರು ಪುಸ್ತಕ ಬಿಚ್ಚಿದಂತೆ ಎರಡಾಗಿ ಬಿಚ್ಚಿಕೊಂಡಿತು. ಗೋಡೆ ಹೊರಕ್ಕೆ ಮಲಗಿತು. ಧೂಳು. ಅತ್ತೆ ಮೊಮ್ಮಗಳ ತಲೆಯನ್ನು ಸೆರಗಿನೊಳಗೆ ಎಳೆದುಕೊಂಡು, "ಇದ್ದಾಳೆ, ಇದ್ದಾಳೆ" ಅನ್ನುತ್ತಲೇ ಇದ್ದರು. ಯಾರಿಗೆ ಹೇಳುತ್ತಿದ್ದರೋ.

ಧೂಳು ಇಳಿಯುವ ಹೊತ್ತಿಗೆ ಇವರ ಲಾರಿ. ನಮ್ಮನ್ನು ನೋಡಲೇ ಇಲ್ಲ. ಮಗಳ ಹೆಸರು ಕೂಗುತ್ತಾ ಬರಿಗೈಯಲ್ಲಿ ಹೆಂಚು, ಇಟ್ಟಿಗೆ ಕೀಳತೊಡಗಿದರು. ಕೂಗಬೇಕು ಅಂತ ಬಾಯಿ ತೆರೆದೆ. ಸ್ವರವೇ ಹೊರಡಲಿಲ್ಲ. ಕಲ್ಲಾಗಿ ನಿಂತುಬಿಟ್ಟೆ — ಅವರು ಅಗೆಯುತ್ತಿದ್ದಾರೆ, ನಾನು ನೋಡುತ್ತಿದ್ದೇನೆ.

ಮಗಳೇ ಓಡಿಹೋಗಿ ಬೆನ್ನು ಮುಟ್ಟಿದಳು. "ಅಪ್ಪಾ, ನಾನು ಇಲ್ಲಿದೀನಿ."

ತಿರುಗಿ ನೋಡಿದರು. ಗುರುತೇ ಹತ್ತದವರ ಹಾಗೆ ನೋಡಿ, ಮತ್ತೆ ಇಟ್ಟಿಗೆಗೆ ಕೈ ಹಾಕಿದರು. ಅವಳು ಎರಡೂ ಕೈ ಹಿಡಿದು ನಿಲ್ಲಿಸಬೇಕಾಯಿತು.

ಇವತ್ತಿಗೂ ಇವರಿಗೆ ಮಾತಿಲ್ಲ. ಬೆರಳುಗಳಿಗೆಲ್ಲ ಬ್ಯಾಂಡೇಜ್. ಅವಳು ಓದುತ್ತಾ ಕೂತಿದ್ದಾಳೆ, ಇವರು ಅವಳ ಪಾದ ಹಿಡಿದುಕೊಂಡು ಪಕ್ಕದಲ್ಲಿ. ಊಟಕ್ಕೆ ಏಳಿ ಅಂದೆ. ತಲೆಯೆತ್ತಿದರು, ತುಟಿ ಅಲುಗಿತು, ಏನೋ ಹೇಳುತ್ತಿದ್ದಾರೆ. ಪೆನ್ ಕೆಳಗಿಡುತ್ತೇನೆ.