ನಲ್ಲಿಯಿಂದ ಹನ್ನೊಂದು ಹೆಜ್ಜೆ

ಜೂನ್ 3, ಮಂಗಳವಾರ
ಮತ್ತೆ ಅದೇ ಗುಳುಗುಳು. ಬಚ್ಚಲ ನೀರು ಇಳಿಯುತ್ತಿಲ್ಲ. ಸೆಪ್ಟಿಕ್ ಟ್ಯಾಂಕಿನ ಫಿಲ್ಟರ್ ಕಟ್ಟಿಕೊಂಡಿರಬೇಕು. ವರ್ಷಕ್ಕೊಮ್ಮೆ ತೊಳೆಯುವವನು ನಾನೇ. ಈ ಸಲ ನನ್ನ ಕೀಮೋ ಗಲಾಟೆಯಲ್ಲಿ ಬಿಟ್ಟುಹೋಗಿತ್ತು.

ಟ್ಯಾಂಕ್ ಖಾಲಿ ಮಾಡುವ ಟ್ರೆವ್‌ಗೆ ಫೋನ್ ಮಾಡಿದೆ. ಲಾರಿ ಬರುವುದು ತಿಂಗಳ ಕೊನೆಗಂತೆ.

"ಟ್ಯಾಂಕ್ ಎಲ್ಲಿದೆ ಅಂತ ಹೆಂಡ್ತಿಗೆ ತೋರ್ಸಿದೀಯಾ, ನೊರೀನ್‌ಗೆ?" ಎಂದ.

"ಇಲ್ಲ."

"ತೋರ್ಸ್ಬಿಡು ಮಾರಾಯ. ಈ ರಸ್ತೆ ಗಂಡಸ್ರೆಲ್ಲಾ ಮುಚ್ಚಳದ ಮೇಲೆ ಹುಲ್ಲು ಬೆಳ್ಸಿ, ಜಾಗ ತಲೇಲಿಟ್ಕೊಂಡೇ ಹೋಗ್ಬಿಡ್ತಾರೆ. ಆಮೇಲೆ ನಾನು ಅವ್ರ ಹೆಂಡ್ತೀರ ಅಂಗಳದ ತುಂಬಾ ಹಾರೆ ಚುಚ್ಕೊಂಡು ತಿರುಗ್ಬೇಕು!"

ನಕ್ಕ. ನನ್ನ ಕಾಯಿಲೆ ನೆನಪಾಯಿತೇನೋ — ಫುಟ್‌ಬಾಲ್ ಮಾತು ತೆಗೆದ.

ಜೂನ್ 4
ನೊರೀನ್‌ಗೆ ಹೇಳಿದೆ. ಬಟ್ಟೆ ಒಗೆಯುವ ಕೋಣೆಯ ಹೊರಗಿನ ನಲ್ಲಿ. ಅಲ್ಲಿಂದ ನೇರ ಹನ್ನೊಂದು ಹೆಜ್ಜೆ.

"ನಂಗ್ಯಾಕೆ ಹೇಳ್ತೀಯಾ? ನೀನಿದೀಯಲ್ಲ."

"ಕಲ್ತ್ರೆ ಗಂಟೇನು ಹೋಗುತ್ತೆ?"

"ಅದನ್ನ ಕಲ್ತ ದಿನ ನಾನೇ ನಿನ್ನ ಕಳ್ಸಿಕೊಟ್ಟಂಗೆ. ಕಲಿಯಲ್ಲ, ರೆಜ್."

ರೇಡಿಯೋ ಜೋರು ಮಾಡಿದಳು. ಹಸುವಿನ ಹೆರಿಗೆಗೆ ಭುಜದವರೆಗೆ ಕೈ ಹಾಕಿದ ಹೆಂಗಸು. ಇದಕ್ಕೆ ಹೀಗೆ! ಕೋಪ ಬಂತು. ಆಮೇಲೆ ಹೆದರಿಕೆ. ನಾನಿಲ್ಲದಾಗ ಈ ಮನೆಯಲ್ಲಿ ಇವಳೊಬ್ಬಳೇ ಹೇಗೆ…

ಜೂನ್ 9
ನಕ್ಷೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಸಂಜೆಗೆ ಇಲ್ಲ. ಒಲೆಗೆ ಹಾಕಿದಳಂತೆ. ಮುಖದಲ್ಲಿ ನಾಚಿಕೆಯೂ ಇಲ್ಲ.

ಜೂನ್ 12, ಬೆಳಿಗ್ಗೆ 11
ಅವಳು ಪೇಟೆಗೆ ಹೋದಳು. ಈ ವಾರ ರಕ್ತದಲ್ಲಿ ಬಿಳಿಕಣ ಇಲ್ಲವೇ ಇಲ್ಲ, ಸೋಂಕು ತಗುಲಿದರೆ ಪ್ರಾಣಕ್ಕೇ ಅಪಾಯ, ಮಣ್ಣು ಮುಟ್ಟಬೇಡಿ, ಕೋಳಿಗೂಡಿಗೂ ಹೋಗಬೇಡಿ ಎಂದಿದ್ದಳು ನರ್ಸ್. ಗೊತ್ತು. ಆದರೂ ಬಚ್ಚಲಲ್ಲಿ ಕೊಳಕು ಮೇಲೇರುತ್ತಿರುವಾಗ ಕೈಕಟ್ಟಿ ಕೂರುವ ಜಾತಿ ನಾನಲ್ಲ.

ಹುಲ್ಲು ಕತ್ತರಿಸಿ, ಮುಚ್ಚಳ ಎಬ್ಬಿಸಿದೆ. ಹಾರೆ ಜಾರಿತು. ಗ್ಲೌಸ್ ಹರಿದು ಎಡ ಹೆಬ್ಬೆರಳು ಕುಯ್ದುಹೋಯಿತು. ಚಿಕ್ಕ ಗಾಯ. ಅದೇ ಕೈಯಲ್ಲಿ ಫಿಲ್ಟರ್ ತೊಳೆದು ಮುಗಿಸಿದೆ. ದಡ್ಡ ನಾನು. ಡೆಟಾಲ್ ಸುರಿದುಕೊಂಡೆ.

ಬಚ್ಚಲ ನೀರು ಸರ್ರನೆ ಇಳಿಯಿತು. ಸಂತೋಷವಾಯಿತು, ಸುಳ್ಳೇಕೆ.

ಬ್ರೆಡ್ ಚಾಕು ತಾಗಿತು ಎಂದೆ ಅವಳಿಗೆ.

ಜೂನ್ 14, ಶನಿವಾರ, ಬೆಳಿಗ್ಗೆ 8
ಜ್ವರ 38.2 ಸೆಲ್ಸಿಯಸ್. ಆಸ್ಪತ್ರೆಯ ಕಾರ್ಡಿನಲ್ಲಿ ದಪ್ಪಕ್ಷರ: 38 ಆದರೆ ತಕ್ಷಣ ಬನ್ನಿ, ಕಾಯಬೇಡಿ.

ನೊರೀನ್‌ಳನ್ನು ಕರೆದು ಹೇಳೋಣವೆಂದಿದ್ದೆ. ಅಷ್ಟರಲ್ಲಿ ಬಂದೇಬಿಟ್ಟಳು — ನನ್ನ ಗಮ್‌ಬೂಟು ಹಾಕಿಕೊಂಡು, ಕೈಯಲ್ಲಿ ಹರಿದ ಗ್ಲೌಸ್. ಕಸದಬುಟ್ಟಿಯಲ್ಲಿ ಸಿಕ್ಕಿತಂತೆ.

"ಚಾಕು ಅಂತೆ, ಚಾಕು! ಏಳು. ತೋರ್ಸು. ನೀನು ಕದ್ದು ಹೋಗಿ ಅದ್ರಲ್ಲಿ ಕೈ ಹಾಕೋದಕ್ಕಿಂತ ನಾನು ಕಲಿಯೋದೇ ವಾಸಿ. ನಾನು ಅತ್ರೆ ನೋಡ್ಬೇಡ ಅಷ್ಟೇ."

ಜ್ವರ ಎಂದರೆ ಈಗಲೇ ಕಾರು ತೆಗೆಯುತ್ತಾಳೆ. ಇನ್ನೊಮ್ಮೆ ಕೇಳುತ್ತಾಳೋ ಇಲ್ಲವೋ. ಅರ್ಧ ಗಂಟೆ ತಾನೇ. ಥರ್ಮಾಮೀಟರನ್ನು ದಿಂಬಿನಡಿ ತಳ್ಳಿ ಎದ್ದೆ.

9.50
ಅರ್ಧ ಗಂಟೆಯಲ್ಲ, ಒಂದೂವರೆಯಾಯಿತು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದ್ದಳು. ನಮ್ಮ ಈ ದಕ್ಷಿಣದಲ್ಲಿ ಜೂನ್ ಎಂದರೆ ಚಳಿಗಾಲ; ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅವಳ ಹೆಜ್ಜೆ ಚಿಕ್ಕದು, ಹದಿಮೂರಾಯಿತು. ಮುಚ್ಚಳ ಎತ್ತಿ, ವಾಸನೆಗೆ ಟ್ಯಾಂಕಿಗೂ ನನಗೂ ಸೇರಿಸಿ ಬೈದಳು. ಫಿಲ್ಟರ್ ತೆಗೆದಳು, ತೊಳೆದಳು, ಕೂರಿಸಿದಳು. ಅತ್ತಳು. ನಾನು ನೋಡಲಿಲ್ಲ.

"ಇನ್ನೊಂದ್ಸಲ. ಈಗ ನೀನು ಬಾಯಿ ಬಿಡ್ಬೇಡ" ಎಂದಳು. ಮೊದಲಿಂದ ಕೊನೆಯವರೆಗೆ ಒಬ್ಬಳೇ ಮಾಡಿದಳು. ಎಷ್ಟು ಹೆಮ್ಮೆಯಾಯಿತು ನನಗೆ! ಹಲ್ಲು ಕಟಕಟ ಎನ್ನುತ್ತಿತ್ತು. ಚಳಿ ಎಂದು ಹೇಳಿ ಒಳಗೆ ಬಂದೆ.

ಜ್ವರ 39.6. ಹೆಬ್ಬೆರಳಿಂದ ಮೊಣಕೈಯವರೆಗೆ ಕೆಂಪು ಗೆರೆ. ಫೋನ್ ಅಡುಗೆಮನೆಯಲ್ಲಿ. ಎದ್ದರೆ ನೆಲ ಓಲಾಡುತ್ತದೆ.

ಹೊರಗೆ ಹಾಡು ಗುನುಗುತ್ತಿದ್ದಾಳೆ. ಎಷ್ಟು ತಿಂಗಳಾಯಿತು ಇದನ್ನು ಕೇಳಿ…

ಇನ್ನು ಹೇಳಲೇಬೇಕು. ನೊರೀನ್ ಎಂದು ಕರೆದೆ. ಸ್ವರ ಹೊರಡಲಿಲ್ಲ. ಇನ್ನೊಮ್ಮೆ ಕರೆ—