ಸೋಪಿಲ್ಲದ ಬಾಟಲಿ

ಅತ್ತೇ,

ನಿನ್ನೆ ವಿನೆಗರಿಗೆ ಸೋಪುನೀರು ಬೆರೆಸಿಟ್ಟದ್ದು ನನ್ನದೇ ತಪ್ಪು, ಒಪ್ಪಿದೆ. ಹಣ್ಣಿನ ನೊಣಗಳು ಮುಳುಗಿ ಸತ್ತವು. ಅದರ ಪ್ರಾಯಶ್ಚಿತ್ತಕ್ಕೆ ನೀವು ಉಪವಾಸ ಕೂರುವುದಾ ಮಾರಾಯ್ರೆ?

ಇವತ್ತಿನ ಬಾಟಲಿಯಲ್ಲಿ ಸೋಪಿಲ್ಲ. ಹುಳಿ ಬಂದ ಅನಾನಸು ಸಿಪ್ಪೆ ಮಾತ್ರ, ಬಾಯಿಗೆ ಕಾಗದದ ಆಲಿಕೆ ಉಂಟು, ಒಳಗೆ ಹೋದ ನೊಣ ಹೊರಗೆ ಬರುವುದಿಲ್ಲ, ಸಾಯುವುದೂ ಇಲ್ಲ. ಹುಳಿ ಬರಿಸಿದ ಜೀವಾಣುಗಳ ವಿಷಯ ದಯವಿಟ್ಟು ಎತ್ತಬೇಡಿ.

ಬೆಳಿಗ್ಗೆ ನೋಡುತ್ತಾ ನಿಂತುಬಿಟ್ಟೆ. ಆ ಪರಿಮಳದ ಹಿಂದೆ ಒಂದೊಂದೇ ನೊಣ ಬಿಸಿಲಲ್ಲಿ ತೇಲಿಕೊಂಡು, ಕನಸಿನಲ್ಲಿ ನಡೆದ ಹಾಗೆ ಒಳಗಿಳಿಯಿತು. ನನಗೆ ಶಿರ್ತಾಡಿ ಬಸ್ಸೇ ತಪ್ಪಿತು.

ಬಸದಿಯಿಂದ ಬಂದ ಕೂಡಲೇ ಬಾಟಲಿಯನ್ನು ಪೇರಳೆ ಮರದಡಿಗೆ ಕೊಂಡುಹೋಗಿ ಕಾಗದ ತೆಗೆಯಿರಿ, ಹಾರಿಹೋಗಲಿ. ಮತ್ತೆ ಗಂಜಿ ಊಟ ಮಾಡಿ, ಮುಚ್ಚಿಟ್ಟಿದ್ದೇನೆ.

ಅವೆಲ್ಲ ಹೊಟ್ಟೆ ತುಂಬ ಕುಡಿದಾಯಿತು. ಈ ಮನೆಯಲ್ಲಿ ಇನ್ನು ಹಸಿದಿರುವುದು ನೀವೊಬ್ಬರೇ.

ಅನಿಷಾ