ಖಾಲಿ ವಾರ್ಡಿನ ಸಿಗ್ನಲ್

ಮಾರ್ಚ್ 3
ಬೆಳಿಗ್ಗೆ ಚಹಾ ಲೋಟ ಹಿಡಿದು ಸಿಗ್ನಲ್ ಹಿಡಿಯುವ ರಿಸೀವರ್ ಸ್ಟ್ಯಾಂಡಿನ ಮುಂದೆ ಹಾದುಹೋದೆ. ಲ್ಯಾಪ್‌ಟಾಪಿನಲ್ಲಿ ಸಾವಿರದ ಎಂಟುನೂರು ಇದ್ದ ಡೇಟಾ ವೇಗ ನಲವತ್ತಕ್ಕೆ ಕುಸಿಯಿತು. ದಾಟಿದೆ — ಮತ್ತೆ ಏರಿತು.

ಆಸ್ಪತ್ರೆಯ ಹೊಸ ವಾರ್ಡು. ಮಂಚಗಳಿವೆ, ಮನುಷ್ಯರಿಲ್ಲ. ಸೂರಿನಲ್ಲಿ ಹನ್ನೆರಡು ಪುಟ್ಟ ಡಬ್ಬಿ — ಮಿಲಿಮೀಟರ್ ತರಂಗದ ವೈರ್‌ಲೆಸ್. ಇಂಜಿನಿಯರ್ ಅಳೆಯುತ್ತಾರೆ, ನಾನು ವರದಿ ಬರೆಯುತ್ತೇನೆ. ಸಾಹಿತ್ಯ ಓದಿದವಳಿಗೆ ಸಿಕ್ಕ ಕೆಲಸ.

"ಸಾಹಿತಿಗಳೇ, ಸ್ವಲ್ಪ ಪಕ್ಕಕ್ಕೆ ಸರೀರಿ. ನಿಮ್ಮನ್ನ ಕಂಡ್ರೆ ಸಿಗ್ನಲ್ ಮೂರ್ಛೆ ಹೋಗ್ತಿದೆ!"

ಇಂಜಿನಿಯರ್ ಕೂಗಿದರು. ತಂಡದವರೆಲ್ಲ ನಕ್ಕರು. ಸರಿದೆ. ಸರಿಯುವುದು ನನಗೆ ಚೆನ್ನಾಗಿ ಬರುತ್ತದೆ. ಆದರೂ ಸಂಜೆಯೊಳಗೆ ಒಂಬತ್ತು ಸಲ ಅಡ್ಡ ಹೋಗಿದ್ದೆ. ಒಂಬತ್ತು ಸಲವೂ ಬಿತ್ತು.

ಮಾರ್ಚ್ 5
ಅಂಕಿಗಳ ಪಟ್ಟಿ ಬಂತು. ಆ ಒಂಬತ್ತು ಸಾಲು ಇಲ್ಲ. ಇಂಜಿನಿಯರನ್ನು ಕೇಳಲು ಊಟದ ಹೊತ್ತಿನವರೆಗೂ ಧೈರ್ಯ ಕೂಡಿಸಿಕೊಂಡೆ.

"ಅವನ್ನ ತೆಗೆದೆ. ಜನ ಅಡ್ಡ ಬಂದ್ರೆ ಈ ತರಂಗ ದಾಟಲ್ಲ. ಖಾಲಿ ಜಾಗದಲ್ಲೇ ಅಳೀಬೇಕು."

"ವಾರ್ಡ್ ಖಾಲಿ ಇರಲ್ವಲ್ಲ, ಸರ್?"

"ಅದಕ್ಕೇ ತಾಯಿ ಹನ್ನೆರಡು ಡಬ್ಬಿ! ಒಂದು ಮರೆಯಾದ್ರೆ ಇನ್ನೊಂದು ಹಿಡ್ಕೊಳ್ಳುತ್ತೆ."

"ಇನ್ನೂ ಹೆಚ್ಚು ಹಾಕಿದ್ರೆ?"

"ಒತ್ತೊತ್ತಾಗಿ ಇಟ್ರೆ ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುತ್ತೆ. ನಮ್ಮ ಮೀಟಿಂಗ್ ಥರ."

ನಕ್ಕೆ. ಮನೆಗೆ ಬಂದ ಮೇಲೆ ಹೊಳೆಯಿತು — ಮೊನ್ನೆ ನಾನು ಅಡ್ಡ ಹೋದಾಗ ಇನ್ನೊಂದು ಡಬ್ಬಿ ಹಿಡಿದುಕೊಳ್ಳಲೇ ಇಲ್ಲವಲ್ಲ…

ಮಾರ್ಚ್ 6, ಸಂಜೆ
ಅಕ್ಕ ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅದೇ ಆಸ್ಪತ್ರೆಯ ನರ್ಸ್. ಮುಂದಿನ ವಾರದಿಂದ ಹೊಸ ವಾರ್ಡು ಅವಳದೇ.

"ರೋಗಿ ಬಟನ್ ಒತ್ತಿದ್ರೆ ನನ್ನ ಜೇಬಲ್ಲಿರೋ ಫೋನು ಕೂಗುತ್ತಂತೆ ಕಣೇ. ಹಳೇ ಗಂಟೆ, ವೈರು ಏನೂ ಇಲ್ಲ ಅಲ್ಲಿ, ಎಲ್ಲಾ ನಿಮ್ಮ ಡಬ್ಬಿಗಳ ಮೇಲೇ."

"ಸಂಜೆ ನೋಡೋಕೆ ಎಷ್ಟು ಜನ ಬರ್ತಾರೆ?"

"ಒಂದು ಮಂಚಕ್ಕೆ ಐದು ಜನ. ಕಾಲಿಡೋಕೆ ಜಾಗ ಇರಲ್ಲ. ಯಾಕೇ?"

"ಸುಮ್ನೆ."

ಸುಮ್ಮನೆ ಎಂದುಬಿಟ್ಟೆ.

ಮಾರ್ಚ್ 10
ಮೂರು ದಿನ ಏನೂ ಬರೆಯಲಿಲ್ಲ. ಇಲ್ಲಿ, ಅಂದರೆ. ಆಫೀಸಿನಲ್ಲಿ ವರದಿ ಬರೆದು ಮುಗಿಸಿದೆ. 'ವಾರ್ಡಿನ ಯಾವ ಮೂಲೆಯಲ್ಲೂ ಸಂಪರ್ಕ ತಪ್ಪುವುದಿಲ್ಲ.' ನನ್ನದೇ ವಾಕ್ಯ. ಇಂಜಿನಿಯರ್ ಎರಡು ಸಲ ಓದಿ ಹೊಗಳಿದರು. ಅಂದಿನಿಂದ ಪಕ್ಕದ ಮನೆಯ ಕಾಲಿಂಗ್ ಬೆಲ್ ಸದ್ದಿಗೂ ಎದ್ದು ನಿಲ್ಲುತ್ತೇನೆ.

ನಾಳೆ ಹತ್ತಕ್ಕೆ ಮುಖ್ಯ ವೈದ್ಯೆ ಬರುತ್ತಾರೆ. ಅವರ ಎದುರು ಕೊನೆಯ ಅಳತೆ, ಆಮೇಲೆ ವರದಿಗೆ ಅವರ ಸಹಿ.

"ನೀವು ಬಾಗಿಲ ಹತ್ರಾನೇ ನಿಂತಿರಿ ಸಾಹಿತಿಗಳೇ. ನಾಳೆ ಮಾತ್ರ ಅಡ್ಡ ಬಂದೀರಿ, ಜೋಕೆ!"

ತಲೆಯಾಡಿಸಿದೆ.

ಮಾರ್ಚ್ 11, ಬೆಳಿಗ್ಗೆ 8
ಅಕ್ಕ ಡ್ಯೂಟಿಗೆ ಹೋದಳು. ಕನ್ನಡಿಯ ಮುಂದೆ ನಿಂತು "ಮೇಡಂ, ಒಂದು ವಿಷಯ" ಎಂದು ಹೇಳಲು ನೋಡಿದೆ. ನಾಲ್ಕು ಸಲ. "ಮೇಡಂ" ದಾಟಲಿಲ್ಲ.

ಹೋಗಲಿ, ಮಾತೇ ಬೇಡ. ಪರದೆ ಅವರ ಕಣ್ಣೆದುರೇ ಇರುತ್ತದೆ. ನಾನು ಸ್ಟ್ಯಾಂಡಿನ ಮುಂದೆ ಹೋಗಿ ನಿಂತರೆ ಸಾಕು, ಅಂಕಿ ಬೀಳುವುದನ್ನು ಅವರೇ ನೋಡುತ್ತಾರೆ. ಪಕ್ಕಕ್ಕೆ ಸರೀರಿ ಎಂದರೆ — ಇವತ್ತು ಸರಿಯುವುದಿಲ್ಲ.